ಚಪ್ಪರ ತುಂಬ ಎಲೆ, ಹೂ ಮಾತ್ರ ಇಲ್ಲ: ಮೂರು ವರ್ಷದ ಬಳ್ಳಿಗಳಿಗೆ ಏನು ಮಾಡಬೇಕು?

ಚಪ್ಪರದ ಮನೆ, ಹಾಸನ
ನವೆಂಬರ್ 8

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಗೇಟಿನಿಂದ ಮುಂಬಾಗಿಲವರೆಗೆ 16 ಅಡಿ ಉದ್ದ, 8 ಅಡಿ ಎತ್ತರದ ಕಬ್ಬಿಣದ ಚಪ್ಪರವೊಂದನ್ನು ಮೂರು ವರ್ಷಗಳ ಹಿಂದೆ ಹಾಕಿಸಿದೆವು. ಅದರ ನಾಲ್ಕು ಕಂಬಗಳ ಬುಡದಲ್ಲಿ ಒಂದೊಂದು ಬಳ್ಳಿ ನೆಟ್ಟಿದ್ದೇವೆ: ಬಾಗಿಲ ಬಳಿ ಮಲ್ಲಿಗೆ ಮತ್ತು ರಂಗೂನ್ ಬಳ್ಳಿ, ನಡುವೆ ನೇರಳೆ ಬಣ್ಣದ ಕಾಗದದ ಹೂ, ಗೇಟಿನ ಬಳಿ ಹಳದಿ ಅಲಮಂಡ. ನಾಲ್ಕೂ ಚಪ್ಪರವನ್ನು ಏರಿವೆ, ಎಲೆಗಳು ಕಡು ಹಸುರಾಗಿವೆ, ನೆರಳೂ ಚೆನ್ನಾಗಿದೆ. ಆದರೆ ಹೂ ಬಿಡುತ್ತಿರುವುದು ಅಲಮಂಡ ಒಂದೇ. ಕಾಗದದ ಹೂ ಕಳೆದ ವರ್ಷ ನಾಲ್ಕೈದು ಗೊಂಚಲು ಬಿಟ್ಟು ಸುಮ್ಮನಾಯಿತು, ಮಲ್ಲಿಗೆ ದೇವರಿಗೆ ಏರಿಸುವಷ್ಟೂ ಸಿಗಲಿಲ್ಲ, ರಂಗೂನ್ ಬಳ್ಳಿಯಂತೂ ಇದುವರೆಗೆ ಒಂದು ಮೊಗ್ಗನ್ನೂ ತೋರಿಸಿಲ್ಲ. ಎದುರುಮನೆಯಲ್ಲಿ ಯಾರೂ ತಿರುಗಿ ನೋಡದ ಕಾಂಪೌಂಡಿನ ಮೂಲೆಯಲ್ಲಿ ಇದೇ ಕಾಗದದ ಹೂ ವರ್ಷದ ಎಂಟು ತಿಂಗಳು ಬಣ್ಣ ತುಂಬಿಕೊಂಡು ನಿಂತಿರುವುದನ್ನು ನೋಡಿದಾಗ, ನಮ್ಮ ಆರೈಕೆಯಲ್ಲಿ ಏನು ಕೊರತೆಯಾಗಿದೆ ಎಂದು ತಿಳಿಯುತ್ತಿಲ್ಲ. ಇನ್ನೂ ಹೆಚ್ಚಿನ ಗೊಬ್ಬರ ಬೇಕೇ? ತಿಳಿದವರು ದಯವಿಟ್ಟು ಹೇಳಬೇಕು.


ಮಲೆನಾಡ ಹಿತ್ತಿಲು, ಶಿರಸಿ
ನವೆಂಬರ್ 8

ಉತ್ತರ ಹೇಳುವ ಮೊದಲು ಮೂರು ವಿಷಯ ಕೇಳುತ್ತೇನೆ, ಬೇಸರಿಸಬೇಡಿ. ಪ್ರತಿಯೊಂದು ಬಳ್ಳಿಯ ಮೇಲೆ ನೇರ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಬುಡಕ್ಕೆ ಏನೇನು ಬೀಳುತ್ತದೆ, ಎಷ್ಟು ದಿನಕ್ಕೊಮ್ಮೆ? ಕತ್ತರಿ ಹಾಕುವವರು ಯಾರು, ಯಾವ ತಿಂಗಳಲ್ಲಿ? ಹೂ ಬಿಡದ ಬಳ್ಳಿಯ ಸಮಸ್ಯೆ ಹತ್ತರಲ್ಲಿ ಒಂಬತ್ತು ಸಲ ಈ ಮೂರರಲ್ಲಿ ಒಂದರಲ್ಲಿ ಅಡಗಿರುವುದನ್ನು ನಾನು ಕಂಡಿದ್ದೇನೆ.


ಚಪ್ಪರದ ಮನೆ, ಹಾಸನ
ನವೆಂಬರ್ 9

ಅಕ್ಕನವರೇ, ಬೇಸರವೆಲ್ಲಿ ಬಂತು, ಕೇಳಿದ್ದೇ ಒಳ್ಳೆಯದಾಯಿತು. ಪೂರ್ವಕ್ಕೆ ಪಕ್ಕದ ಮನೆಯ ಮಾವಿನ ಮರವಿರುವುದರಿಂದ ಬಾಗಿಲ ಬಳಿಯ ಎರಡು ಬಳ್ಳಿಗಳಿಗೆ ಹನ್ನೊಂದು ಗಂಟೆಯ ನಂತರವೇ ಬಿಸಿಲು. ನಡುವಿನ ಕಾಗದದ ಹೂವಿಗೆ ಒಂಬತ್ತೂವರೆಯಿಂದ, ಗೇಟಿನ ಅಲಮಂಡಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲಿದೆ. ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ಸಣ್ಣ ಕಾಲುವೆಯ ಮೂಲಕ ಹರಿದು ಮೊದಲ ಮೂರು ಬಳ್ಳಿಗಳ ಪಾತಿಗೆ ಪ್ರತಿದಿನವೂ ಹೋಗುತ್ತದೆ. ಗೇಟಿನವರೆಗೆ ಅದು ತಲುಪುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಸೆಗಣಿ ನೀರು ಕೊಡುತ್ತೇವೆ. ಕತ್ತರಿಸುವವರು ತಿಂಗಳಿಗೊಮ್ಮೆ ಬರುವ ಮಾಲಿ. ಬೇಲಿ ಸವರುವ ದೊಡ್ಡ ಕತ್ತರಿಯಿಂದ ಚಪ್ಪರದ ಪೈಪಿನ ಆಚೆ ಚಾಚಿದ ಕುಡಿಗಳನ್ನೆಲ್ಲ ಸಮನಾಗಿ ಸವರಿ ಹೋಗುತ್ತಾರೆ. ಮಲ್ಲಿಗೆಯನ್ನು ಮಾತ್ರ ಈ ವರ್ಷ ಯುಗಾದಿ ಕಳೆದ ಮೇಲೆ, ಹೂ ಬಿಡಲಿಲ್ಲವೆಂಬ ಸಿಟ್ಟಿನಿಂದ, ನಾನೇ ಅರ್ಧಕ್ಕೆ ಕತ್ತರಿಸಿದೆ.

ಬರೆಯುತ್ತಿರುವಾಗಲೇ ಒಂದು ಸಂಗತಿ ಹೊಳೆಯಿತು: ನಾವು ನೀರು, ಗೊಬ್ಬರ ಕೊಡುತ್ತಿರುವ ಮೂರೂ ಹೂ ಬಿಟ್ಟಿಲ್ಲ, ಮರೆತುಬಿಟ್ಟಿದ್ದ ಒಂದು ಬಿಟ್ಟಿದೆ.


ನಿವೃತ್ತ ಮೇಷ್ಟ್ರು, ಧಾರವಾಡ
ನವೆಂಬರ್ 9

ತಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ತಾವೇ ಬರೆದುಬಿಟ್ಟಿದ್ದೀರಿ. ಉಳಿದರ್ಧವನ್ನು, ಸಸ್ಯಶಾಸ್ತ್ರದ ಪಾಠ ಹೇಳಿ ಅಭ್ಯಾಸವಾದ ಕಾರಣ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಬಳ್ಳಿಯೆಂದರೆ ಕಾಂಡಕ್ಕೆ ಖರ್ಚು ಮಾಡದ ಗಿಡ. ಮರವು ತನ್ನ ಭಾರ ತಾನೇ ಹೊರಲು ವರ್ಷಗಟ್ಟಲೆ ಕಟ್ಟಿಗೆ ಕಟ್ಟುತ್ತದೆ, ಬಳ್ಳಿಯು ಅದನ್ನು ಇನ್ನೊಬ್ಬರಿಂದ ಎರವಲು ಪಡೆದು, ಉಳಿಸಿದ ಶಕ್ತಿಯನ್ನೆಲ್ಲ ಕುಡಿಯ ಓಟಕ್ಕೆ ಹಾಕುತ್ತದೆ. ಕಾಡಿನಲ್ಲಿ ಆ ಓಟ ಕತ್ತಲೆಯಿಂದ ಬೆಳಕಿನ ಕಡೆಗೆ. ಕುಡಿ ಗಾಳಿಯಲ್ಲಿ ವೃತ್ತಾಕಾರವಾಗಿ ತಿರುಗುತ್ತ ಆಸರೆ ಹುಡುಕುತ್ತದೆ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಕಾಯಿಲೆಯಿಂದ ಕೋಣೆಯಲ್ಲಿ ಮಲಗಿದ್ದಾಗಲೇ, ಕುಂಡದಲ್ಲಿಟ್ಟ ಹಾಪ್ ಎಂಬ (ಬಿಯರ್ ತಯಾರಿಕೆಗೆ ಬಳಸುವ) ಬಳ್ಳಿಯ ಕುಡಿಯನ್ನು ಗಮನಿಸಿ, ಅದು ಒಂದು ಸುತ್ತು ಮುಗಿಸಲು ಸರಾಸರಿ 2 ಗಂಟೆ 8 ನಿಮಿಷ ತೆಗೆದುಕೊಳ್ಳುತ್ತದೆಂದು ಲೆಕ್ಕ ಹಾಕಿದ್ದ.

ಈ ಓಟ ನಡೆಯುತ್ತಿರುವಷ್ಟು ಕಾಲ ತುದಿಯ ಮೊಗ್ಗು ಆಕ್ಸಿನ್ ಎಂಬ ಚೋದಕವನ್ನು (ಹಾರ್ಮೋನನ್ನು) ತಯಾರಿಸಿ ಕೆಳಕ್ಕೆ ಕಳುಹಿಸುತ್ತಿರುತ್ತದೆ, ಅದು ಕೆಳಗಿನ ಗೆಣ್ಣುಗಳಲ್ಲಿರುವ ಮೊಗ್ಗುಗಳನ್ನು ಏಳಗೊಡುವುದಿಲ್ಲ. ನೆಟ್ಟಗೆ ಮೇಲೇರಿದ ಬಳ್ಳಿಯ ಬುಡ ಬೋಳಾಗಿ, ತುದಿಯಲ್ಲಿ ಮಾತ್ರ ಗುಂಗುರು ಎಲೆ ತುಂಬಿಕೊಳ್ಳುವುದು ಇದರಿಂದಲೇ. ಅದೇ ಕುಡಿಯನ್ನು ಬಗ್ಗಿಸಿ ಅಡ್ಡಲಾಗಿ ಕಟ್ಟಿದರೆ ತುದಿಯ ಹಿಡಿತ ಸಡಿಲವಾಗಿ, ಗೆಣ್ಣು ಗೆಣ್ಣಿನಲ್ಲೂ ಪಕ್ಕದ ಚಿಗುರು ಏಳುತ್ತದೆ, ಹೂ ಬರುವುದು ಆ ಚಿಗುರುಗಳಲ್ಲಿ. ಆದ್ದರಿಂದ ಕಂಬದ ಮೇಲೆ ಬಳ್ಳಿಯನ್ನು ಸೂತ್ರ ಹಿಡಿದಂತೆ ನೇರವಾಗಿ ಹಬ್ಬಿಸದೆ, ಕಂಬಕ್ಕೆ ಸುತ್ತಿಸಿ ಏರಿಸಬೇಕು. ಚಪ್ಪರದ ಮೇಲೆ ತಲುಪಿದ ಮೇಲೆ ಬೀಸಣಿಗೆಯಂತೆ ಬಿಡಿಸಿ, ಒಂದೊಂದು ಕುಡಿಯನ್ನೂ ಒಂದೊಂದು ದಿಕ್ಕಿಗೆ ಮಲಗಿಸಿ ಕಟ್ಟಬೇಕು. ತಮ್ಮ ಚಪ್ಪರದ ಮೇಲೆ ಎಲ್ಲ ಕುಡಿಗಳೂ ಒಂದರ ಮೇಲೊಂದು ಹೆಣೆದು ಹಾಸಿಗೆಯಾಗಿರಬೇಕೆಂದು ನನ್ನ ಊಹೆ.

ಎರಡನೆಯದು ಗೊಬ್ಬರ. ಸೆಗಣಿ ನೀರಿನಲ್ಲಿ ಸಾರಜನಕ ಬೇಗ ದಕ್ಕುತ್ತದೆ, ಜೊತೆಗೆ ಪ್ರತಿದಿನ ನೀರಿದ್ದರೆ ಗಿಡಕ್ಕೆ ಎಲೆ ಬೆಳೆಸುವುದನ್ನು ಬಿಟ್ಟು ಬೇರೆ ಯೋಚನೆ ಮಾಡಲು ಕಾರಣವೇ ಇರುವುದಿಲ್ಲ. ಬ್ರೆಜಿಲ್ ಕಡೆಯಿಂದ ಬಂದ ಕಾಗದದ ಹೂವಂತೂ ಬೇರು ಒಣಗಿ ಎಲೆ ಸ್ವಲ್ಪ ಜೋತ ಮೇಲೆಯೇ ಮೊಗ್ಗು ಕಟ್ಟುವ ಸ್ವಭಾವದ್ದು. ನಾವು ಹೂವೆನ್ನುವ ಬಣ್ಣದ ಮೂರು ಪತ್ರಕಗಳು, ಎಂದರೆ ಬಣ್ಣ ತಳೆದ ಎಲೆಗಳು, ಅದರ ಹೂವೇ ಅಲ್ಲ, ಅವುಗಳ ನಡುವೆ ಇರುವ ಸಣ್ಣ ಬಿಳಿ ನಳಿಕೆಗಳೇ ನಿಜವಾದ ಹೂಗಳು.

ಮೂರನೆಯದು ತಮ್ಮ ಮಾಲಿಯ ಕತ್ತರಿ. ಕಾಗದದ ಹೂ ಬರುವುದು ಹೊಸ ಚಿಗುರಿನ ತುದಿಯ ಕಡೆಗೆ. ತಿಂಗಳಿಗೊಮ್ಮೆ ತುದಿಗಳನ್ನು ಸವರಿದರೆ, ಮೊಗ್ಗಾಗಬೇಕಿದ್ದುದನ್ನು ತಿಂಗಳಿಗೊಮ್ಮೆ ಕಸದ ಬುಟ್ಟಿಗೆ ಹಾಕಿದಂತೆಯೇ.

ಇನ್ನು ಹೆಚ್ಚಿನ ಗೊಬ್ಬರದ ಪ್ರಶ್ನೆ: ಬೇಡ. ಕಾಲುವೆಯನ್ನು ಬೇರೆ ಕಡೆಗೆ ತಿರುಗಿಸಿ, ಕತ್ತರಿಯನ್ನು ಒಳಗಿಡಿ, ಮುಂದಿನ ಮೂರು ತಿಂಗಳು ಎಲ್ಲ ಬಳ್ಳಿಗಳನ್ನೂ ಸ್ವಲ್ಪ ಉಪವಾಸ ಕೆಡವಿ.


ಮೂರನೇ ಮಹಡಿ, ಬೆಂಗಳೂರು
ನವೆಂಬರ್ 10

ಮೇಷ್ಟ್ರು ಹೇಳಿದ ಉಪವಾಸ ಕುಂಡದಲ್ಲಿ ಇನ್ನೂ ಸುಲಭ. ನಮ್ಮ ತಾರಸಿಯಲ್ಲಿ 12 ಇಂಚಿನ ಮಣ್ಣಿನ ಕುಂಡಗಳಲ್ಲಿ ಐದು ಕಾಗದದ ಹೂಗಳಿವೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ ಬಿಟ್ಟರೆ ಬೇರೇನೂ ಹಾಕಿಲ್ಲ. ಬೇರು ಕುಂಡದ ಅಂಚಿಗೆ ಒತ್ತಿಕೊಂಡಷ್ಟೂ ಬಣ್ಣ ಹೆಚ್ಚು. ಎಲೆ ಜೋಲು ಬಿದ್ದ ದಿನ ಕುಂಡದ ಕೆಳಗಿನಿಂದ ಹೊರಬರುವಂತೆ ತುಂಬ ನೀರು ಹಾಕುತ್ತೇನೆ, ಮತ್ತೆ ಜೋಲು ಬೀಳುವವರೆಗೆ ಅದರ ತಂಟೆಗೆ ಹೋಗುವುದಿಲ್ಲ. ದೀಪಾವಳಿಯಿಂದ ಹೋಳಿಯವರೆಗೆ ತಾರಸಿ ನೋಡುವಂತಿರುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಾಗದದ ಹೂವಿನ ಬೇರು ಮಹಾ ನಾಜೂಕು. ಮೊದಲ ವರ್ಷ ಕುಂಡ ಬದಲಾಯಿಸುವಾಗ, ಗುಲಾಬಿಗೆ ಮಾಡಿದಂತೆ, ಹಳೆಯ ಮಣ್ಣನ್ನೆಲ್ಲ ಕೊಡವಿ ಬೇರು ಬಿಡಿಸಿ ನೆಟ್ಟೆ. ಮೂರು ವರ್ಷದ ಗಿಡ ಹದಿನೈದೇ ದಿನಗಳಲ್ಲಿ ಒಣಗಿ ಹೋಯಿತು. ಈಗ ಹೆಂಟೆ ಒಡೆಯದಂತೆ ಇಡಿಯಾಗಿ ಎತ್ತಿ ದೊಡ್ಡ ಕುಂಡಕ್ಕೆ ಇಳಿಸುತ್ತೇನೆ.


ಅಟ್ಟೆ ಚೆಂಡು, ಶಂಕರಪುರ
ನವೆಂಬರ್ 10

ಮೇಷ್ಟ್ರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಮಾತಿಗೆ ಆಕ್ಷೇಪಿಸುತ್ತೇನೆ. "ಎಲ್ಲ ಬಳ್ಳಿಗಳನ್ನೂ" ಉಪವಾಸ ಕೆಡವಿ ಎಂದು ಬರೆದಿರುವುದರಲ್ಲಿ ಮಲ್ಲಿಗೆಯೂ ಸೇರಿದರೆ, ಹಾಸನದವರು ಮುಂದಿನ ವರ್ಷವೂ ಇದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಕಾಗದದ ಹೂವಿಗೆ ಸಲ್ಲುವ ನ್ಯಾಯ ಮಲ್ಲಿಗೆಗೆ ಸಲ್ಲುವುದಿಲ್ಲ.

ನಮ್ಮ ಉಡುಪಿ ಕಡೆ ಮಲ್ಲಿಗೆ ಅಂಗಳದ ಅಲಂಕಾರವಲ್ಲ, ಮನೆಯ ಆದಾಯ. 800 ಹೂಗಳನ್ನು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಎಂದರೆ 3,200 ಹೂ. ದಿನವೂ ಅಷ್ಟು ಮೊಗ್ಗನ್ನು ಕೊಡಬೇಕಾದ ಗಿಡಕ್ಕೆ ಉಣಿಸದೆ ಇದ್ದರೆ ಅದು ಎಲ್ಲಿಂದ ತಂದೀತು? ನೆಲಗಡಲೆ ಹಿಂಡಿಯನ್ನು ನೀರಿನಲ್ಲಿ ನಾಲ್ಕೈದು ದಿನ ಕೊಳೆಸಿ, ತಿಳಿ ಮಾಡಿ ಬುಡಕ್ಕೆ ಹಾಕುವುದು ಇಲ್ಲಿ ಮನೆಮನೆಯ ಪದ್ಧತಿ. ಮಲ್ಲಿಗೆಗೆ ಸಾಮಾನ್ಯವಾಗಿ ಶಿಫಾರಸಾಗಿರುವ ಪ್ರಮಾಣವೂ ಕಡಿಮೆಯದೇನಲ್ಲ: ಗಿಡವೊಂದಕ್ಕೆ ವರ್ಷಕ್ಕೆ 10 ಕಿಲೋ ಕೊಟ್ಟಿಗೆ ಗೊಬ್ಬರ, ಅದರೊಂದಿಗೆ 60 ಗ್ರಾಂ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ತಲಾ 120 ಗ್ರಾಂ, ಎರಡು ಕಂತುಗಳಲ್ಲಿ, ಒಂದು ಕತ್ತರಿಸಿದ ನಂತರ, ಇನ್ನೊಂದು ಮಳೆಗಾಲದ ಆರಂಭದಲ್ಲಿ. ಇಲ್ಲಿ ಗಮನಿಸಬೇಕಾದುದು ಸಾರಜನಕಕ್ಕಿಂತ ಉಳಿದೆರಡು ದುಪ್ಪಟ್ಟು ಇರುವುದನ್ನು. ಬರೀ ಸೆಗಣಿ ನೀರು ಕೊಟ್ಟಾಗ ಕೆಡುವುದು ಈ ತೂಕವೇ.

ಉಪವಾಸ ಮಲ್ಲಿಗೆಗೂ ಉಂಟು, ಆದರೆ ಅದು ವರ್ಷಕ್ಕೆ ಒಮ್ಮೆ, ಎರಡು ಮೂರು ವಾರ, ಕತ್ತರಿಸುವ ಮೊದಲು. ತಾವು ಈಗ ನವೆಂಬರಿನಲ್ಲಿ ಕೇಳುತ್ತಿರುವುದು ಅದೃಷ್ಟ. ಇಂದಿನಿಂದಲೇ ಮಲ್ಲಿಗೆಯ ಪಾತಿಗೆ ನೀರು ನಿಲ್ಲಿಸಿ, ಎಲೆ ಸ್ವಲ್ಪ ಹಣ್ಣಾಗಲಿ. ತಿಂಗಳ ಕೊನೆಯ ವಾರದಲ್ಲಿ ಕತ್ತರಿಸಿ. ಪೊದೆಯಾಗಿ ಬೆಳೆಸುವವರು ನೆಲದಿಂದ ಒಂದೂವರೆ ಅಡಿ ಬಿಟ್ಟು ಎಲ್ಲವನ್ನೂ ತೆಗೆಯುತ್ತಾರೆ. ಚಪ್ಪರಕ್ಕೆ ಏರಿದ ಬಳ್ಳಿಯಾದರೆ ಹಾಗೆ ಮಾಡಬೇಡಿ, ಏರಿದ ದಪ್ಪ ಕಾಂಡಗಳನ್ನು ಉಳಿಸಿಕೊಂಡು, ಮೇಲೆ ಹರಡಿದ ತೆಳು ಕೊಂಬೆಗಳನ್ನು ಮೂರನೇ ಒಂದು ಭಾಗದಷ್ಟು ಹಿಂದಕ್ಕೆ ಕತ್ತರಿಸಿ, ಒಣಗಿದ್ದು, ಒಳಗೆ ಹೆಣೆದದ್ದು ಎಲ್ಲವನ್ನೂ ಬಿಡಿಸಿ ತೆಗೆಯಿರಿ. ಉಳಿದ ಎಲೆಗಳನ್ನು ಕೈಯಿಂದ ಸವರಿಬಿಡಿ. ಅನಂತರ ಬುಡ ಕೆದಕಿ, ಗೊಬ್ಬರ ಕೊಟ್ಟು, ನೀರು ಶುರುಮಾಡಿ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಮಾರ್ಚಿನ ಹೊತ್ತಿಗೆ ಆ ಚಿಗುರು ತಯಾರಾಗಬೇಕು. ತಾವು ಯುಗಾದಿಯ ನಂತರ ಕತ್ತರಿಸಿದ್ದು, ಬರೆಯಲು ನನಗೇ ಸಂಕಟವಾಗುತ್ತದೆ, ಆ ವರ್ಷದ ಬೆಳೆಯನ್ನೇ.


ನಿವೃತ್ತ ಮೇಷ್ಟ್ರು, ಧಾರವಾಡ
ನವೆಂಬರ್ 10

ಒಪ್ಪಿದೆ. "ಎಲ್ಲ" ಎಂದು ಬರೆದುದು ನನ್ನ ತಪ್ಪು. ಮಲ್ಲಿಗೆಯನ್ನು ನಾನು ಧಾರವಾಡದ ಕರಿ ಮಣ್ಣಿನಲ್ಲಿ ಬೆಳೆಸಿದವನು, ಇಲ್ಲಿ ನೀರು ನಿಂತು ಬೇರು ಕೊಳೆಯುವುದೇ ದೊಡ್ಡ ಕಾಟವಾದ್ದರಿಂದ ಕೈ ಹಿಡಿದು ನೀರು ಹಾಕುವುದು ರೂಢಿಯಾಗಿದೆ. ನಿಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಇಳಿದು ಹೋಗುತ್ತದೆ.


ಅಟ್ಟೆ ಚೆಂಡು, ಶಂಕರಪುರ
ನವೆಂಬರ್ 11

ಇಳಿದು ಹೋಗುತ್ತದೆಂದು ನಾವೂ ನಂಬಿ ಕೂರುವುದಿಲ್ಲ ಮೇಷ್ಟ್ರೇ. ಜೂನ್, ಜುಲೈ ಮಳೆಗೆ ಬುಡವನ್ನು ಏರಿ ಮಾಡಿ, ಸುತ್ತ ಚರಂಡಿ ತೆಗೆಯದಿದ್ದರೆ ಎಲೆ ಹಳದಿಯಾಗಿ ಗಿಡವೇ ಕೈಬಿಡುತ್ತದೆ.

ಮೊಗ್ಗು ಬಂದ ಮೇಲೆ ಗಮನಿಸಬೇಕಾದ ಎರಡು ಕಾಟಗಳನ್ನೂ ಹೇಳಿಬಿಡುತ್ತೇನೆ. ಮೊಗ್ಗಿನಲ್ಲಿ ಸಣ್ಣ ತೂತು, ಪಕ್ಕದ ಮೊಗ್ಗುಗಳನ್ನು ಸೇರಿಸಿ ನೇಯ್ದ ಬಲೆ ಕಂಡರೆ ಅದು ಮೊಗ್ಗು ಕೊರಕ ಹುಳು. ಮೊಗ್ಗಿನ ಬುಡ ಊದಿಕೊಂಡು, ಬಣ್ಣ ನೇರಳೆಗೆ ತಿರುಗಿ, ಅರಳದೆಯೇ ಉದುರಿದರೆ ಅದು ಮೊಗ್ಗು ನೊಣ. ಎರಡಕ್ಕೂ ಮೊದಲ ಕೆಲಸ ಕೆಟ್ಟ ಮೊಗ್ಗುಗಳನ್ನು ಆರಿಸಿ ಸುಡುವುದು, ಬುಡದಲ್ಲಿ ಉದುರಿದ್ದನ್ನು ಗುಡಿಸುವುದು, ಮಣ್ಣನ್ನು ಕೆದಕಿ ಬಿಸಿಲಿಗೆ ಒಡ್ಡುವುದು. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನು ನೀರಿನಲ್ಲಿ ಕದಡಿ ಸಂಜೆಯ ಹೊತ್ತು ಸಿಂಪಡಿಸಬಹುದು, ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.


ದೂರದ ತೋಟ, ಇಂಗ್ಲೆಂಡ್
ನವೆಂಬರ್ 11

ಇಪ್ಪತ್ತು ವರ್ಷಗಳಿಂದ ಇಲ್ಲಿ ನೆಲೆಸಿರುವ ಮೈಸೂರಿನವನು ನಾನು. ಇಲ್ಲಿಯ ಜನ ಇದೇ ದೂರನ್ನು ವಿಸ್ಟೀರಿಯಾ ಎಂಬ ಬಳ್ಳಿಯ ಬಗ್ಗೆ ಹೇಳುವುದನ್ನು ಕೇಳುತ್ತಿರುತ್ತೇನೆ. ಅವರೆಯ ಬಳಗದ, ಮೇ ತಿಂಗಳಲ್ಲಿ ತಿಳಿ ನೇರಳೆ ಗೊಂಚಲುಗಳನ್ನು ಮಾರುದ್ದ ಇಳಿಬಿಡುವ ಬಳ್ಳಿ ಅದು. ಬೀಜದಿಂದ ಬೆಳೆಸಿದರೆ ಹೂ ಬಿಡಲು ಹತ್ತು ಹದಿನೈದು ವರ್ಷವೂ ಹಿಡಿಯಬಹುದಾದ್ದರಿಂದ ಕಸಿ ಗಿಡವನ್ನೇ ಕೊಳ್ಳುತ್ತಾರೆ. ಅದಕ್ಕೂ ವರ್ಷಕ್ಕೆ ಎರಡು ಸಲ ಕತ್ತರಿ ಬೇಕು: ಜುಲೈ, ಆಗಸ್ಟಿನಲ್ಲಿ ಉದ್ದ ಓಡಿದ ಕುಡಿಗಳನ್ನು ಐದಾರು ಎಲೆ ಬಿಟ್ಟು, ಜನವರಿ, ಫೆಬ್ರವರಿಯಲ್ಲಿ ಅದೇ ಕಡ್ಡಿಗಳನ್ನು ಎರಡು ಮೂರು ಮೊಗ್ಗು ಬಿಟ್ಟು. ಹೀಗೆ ಓಟ ತಡೆದ ಗಿಡ್ಡ ಕಡ್ಡಿಗಳಲ್ಲೇ ಹೂ ಬರುತ್ತದೆ. ಮೇಷ್ಟ್ರು ಹೇಳಿದ ಅಡ್ಡ ಮಲಗಿಸುವ ಮಾತು ಇಲ್ಲಿಯ ಗೋಡೆಗಳ ಮೇಲೆ ತಂತಿ ಎಳೆದು ಕಟ್ಟಿರುವ ಬಳ್ಳಿಗಳಲ್ಲಿ ಕಣ್ಣಿಗೇ ಕಾಣುತ್ತದೆ.

ಚೀನಾದ ವಿಸ್ಟೀರಿಯಾ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಸುತ್ತಿದರೆ ಜಪಾನಿನದು ಮುಳ್ಳಿನ ದಿಕ್ಕಿಗೇ ಸುತ್ತುತ್ತದೆ, ಹೂವಿಲ್ಲದ ಕಾಲದಲ್ಲಿ ಎರಡನ್ನೂ ಗುರುತಿಸುವುದು ಹೀಗೆಯೇ. ನಾವು ಬಳ್ಳಿಯನ್ನು ಕಂಬಕ್ಕೆ ಸುತ್ತಿಸುವಾಗಲೂ ಅದರ ಸ್ವಂತ ದಿಕ್ಕನ್ನು ಎರಡು ದಿನ ನೋಡಿ ಸುತ್ತಿಸುವುದು ಒಳ್ಳೆಯದು, ಎದುರು ದಿಕ್ಕಿಗೆ ಸುತ್ತಿಸಿದರೆ ಬಿಚ್ಚಿಕೊಂಡು ಬೀಳುತ್ತದೆ. ಮಲ್ಲಿಗೆಯ ಕುಂಡವೊಂದನ್ನು ನಾನೂ ಇಟ್ಟಿದ್ದೇನೆ. ಅಕ್ಟೋಬರಿನಿಂದ ಏಪ್ರಿಲ್ ಮುಗಿಯುವವರೆಗೆ ಅದು ಅಡುಗೆಮನೆಯ ಕಿಟಕಿಯಲ್ಲಿ ನಮ್ಮೊಂದಿಗೇ ವಾಸ.


ಚಪ್ಪರದ ಮನೆ, ಹಾಸನ
ನವೆಂಬರ್ 12

ಎಲ್ಲರಿಗೂ ಎಷ್ಟು ವಂದಿಸಿದರೂ ಸಾಲದು. ನಿನ್ನೆ ಏಣಿ ಹಾಕಿ ಚಪ್ಪರದ ಮೇಲೆ ನೋಡಿದೆ. ಮೇಷ್ಟ್ರು ಊಹಿಸಿದಂತೆಯೇ ಒಂದೂವರೆ ಅಡಿ ದಪ್ಪದ ಹಾಸಿಗೆಯಾಗಿದೆ, ಕೆಳಗಿನ ಅರ್ಧವೆಲ್ಲ ಒಣಗಿದ ಕಡ್ಡಿ. ಕಾಲುವೆಯನ್ನು ಬಾಳೆಯ ಬುಡಕ್ಕೆ ತಿರುಗಿಸಿದ್ದೇವೆ. ರಂಗೂನ್ ಬಳ್ಳಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ಅದನ್ನು ಯಾವಾಗ ಕತ್ತರಿಸಬೇಕು? ನರ್ಸರಿಯಲ್ಲಿ ಬೆಳ್ಳುಳ್ಳಿ ಬಳ್ಳಿ, ಕಿತ್ತಳೆ ಬಣ್ಣದ ಫ್ಲೇಮ್ ವೈನ್ ಕೂಡ ನೋಡಿದ್ದೇನೆ, ಅವುಗಳಿಗೂ ಇದೇ ಕ್ರಮವೇ?


ಮಲೆನಾಡ ಹಿತ್ತಿಲು, ಶಿರಸಿ
ನವೆಂಬರ್ 12

ಬಳ್ಳಿಗೆ ಕತ್ತರಿ ಹಾಕುವ ಮೊದಲು ಅದು ಹೊಸ ಚಿಗುರಿನಲ್ಲಿ ಹೂ ಬಿಡುವುದೋ, ಹಿಂದಿನ ಹಂಗಾಮಿನಲ್ಲಿ ಬೆಳೆದ ಕಡ್ಡಿಯಲ್ಲಿ ಬಿಡುವುದೋ ಎಂದು ನೋಡಿಕೊಳ್ಳಬೇಕು. ಮಲ್ಲಿಗೆ, ಅಲಮಂಡ, ಕಾಗದದ ಹೂ, ರಂಗೂನ್ ಬಳ್ಳಿ ಇವೆಲ್ಲ ಹೊಸ ಚಿಗುರಿನವು, ಹೂವಿನ ಕಾಲಕ್ಕೆ ಎರಡು ಮೂರು ತಿಂಗಳು ಮೊದಲೇ ಕತ್ತರಿಸಬೇಕು. ಫ್ಲೇಮ್ ವೈನ್ ಚಳಿಗಾಲದಲ್ಲಿ ಬೆಂಕಿ ಹಚ್ಚಿದಂತೆ ಹೂ ಬಿಡುವುದು ಮಳೆಗಾಲದಲ್ಲಿ ಬೆಳೆದ ಕಡ್ಡಿಗಳಲ್ಲಿ, ಅದನ್ನು ಹೂ ಮುಗಿದ ತಕ್ಷಣ ಕತ್ತರಿಸಬೇಕೇ ಹೊರತು ಅಕ್ಟೋಬರಿನಲ್ಲಿ ಅಲ್ಲ. ನೀಲಿ ಗೊಂಚಲಿನ ಪೆಟ್ರಿಯಾಕ್ಕೂ ಅದೇ ನಿಯಮ. ಬೆಳ್ಳುಳ್ಳಿ ಬಳ್ಳಿ ವರ್ಷಕ್ಕೆ ಎರಡು ಮೂರು ಸರದಿಯಲ್ಲಿ ನೇರಳೆ ಬಣ್ಣದಲ್ಲಿ ಅರಳಿ ಬಿಳಿಚುತ್ತಾ ಹೋಗುತ್ತದೆ, ಒಂದು ಸರದಿ ಮುಗಿದಾಗ ಹಗುರವಾಗಿ ಸವರಿದರೆ ಸಾಕು. ಅದರ ಎಲೆ ಕಿವುಚಿದರೆ ಒಗ್ಗರಣೆಯ ವಾಸನೆ ಬರುವುದು ನಿಜ, ಹೂವಿಗೆ ಆ ವಾಸನೆಯ ತೊಂದರೆ ಇಲ್ಲ.

ರಂಗೂನ್ ಬಳ್ಳಿಯ ವಿಷಯಕ್ಕೆ ಬರುತ್ತೇನೆ. ನನ್ನ ಹಿತ್ತಿಲಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಬಳ್ಳಿಯೂ ಅದೇ, ಅತಿ ಹೆಚ್ಚು ಬೈಸಿಕೊಂಡದ್ದೂ ಅದೇ. ಸಂಜೆ ಬಿಳಿಯಾಗಿ ಅರಳುತ್ತದೆ, ಮರುದಿನ ಗುಲಾಬಿಯಾಗುತ್ತದೆ, ಮೂರನೆಯ ದಿನ ಕೆಂಪಾಗಿ ಜೋಲುತ್ತದೆ. ದಿನವೂ ಹೊಸ ಹೂ ಸೇರುತ್ತಿರುವುದರಿಂದ ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಕಾಣುತ್ತದೆ. ಮೊದಲ ರಾತ್ರಿಯ ಬಿಳಿ ಬಣ್ಣ, ಪರಿಮಳ, ಉದ್ದ ಕೊಳವೆ ಎಲ್ಲವೂ ಉದ್ದ ಸೊಂಡಿಲಿನ ಗಿಡುಗ ಪತಂಗಗಳಿಗಾಗಿ ಮಾಡಿದ ಏರ್ಪಾಟು. ಮಳೆ ಬಿಟ್ಟ ಸಂಜೆ ಏಳರ ಹೊತ್ತಿಗೆ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತರೆ, ಹೂವಿನ ಮುಂದೆ ಗಾಳಿಯಲ್ಲೇ ನಿಂತು ಹೀರುವ ಆ ಪತಂಗಗಳನ್ನು ನೋಡಬಹುದು. ಹಗಲಿನ ಕೆಂಪು ಹೂಗಳಿಗೆ ಜೇನ್ನೊಣ, ಚಿಟ್ಟೆ, ಸೂರಕ್ಕಿಗಳು ಬರುತ್ತವೆ.

ಬೈಗುಳ ಏಕೆಂದರೆ, ಇದರ ಬೇರಿನಿಂದ ಮಾರು ದೂರದಲ್ಲೂ ಮರಿ ಬಳ್ಳಿಗಳು ಏಳುತ್ತವೆ. ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಉಳಿದು ಮುಳ್ಳಿನಂತೆ ಗಟ್ಟಿಯಾಗುತ್ತದೆ, ಬರಿಗೈಯಲ್ಲಿ ಎಳೆದರೆ ಅಂಗೈ ಕೀಳುತ್ತದೆ. ಭಾರವೂ ಹೆಚ್ಚು. ನಾವು ಮೊದಲು ಅಡಿಕೆ ದಬ್ಬೆಯ ಚಪ್ಪರ ಹಾಕಿದ್ದೆವು, ಎರಡನೇ ಮಳೆಗಾಲದಲ್ಲಿ ನೆನೆದ ಬಳ್ಳಿಯ ಭಾರಕ್ಕೆ ಇಡೀ ಚಪ್ಪರ ರಾತ್ರೋರಾತ್ರಿ ಅಂಗಳದಲ್ಲಿ ಮಲಗಿತ್ತು. ಶಂಖಪುಷ್ಪ, ಕಾಮಲತೆಯಂಥ ಹಗುರ ಬಳ್ಳಿಗೆ ದಬ್ಬೆ, ಸೆಣಬಿನ ಹುರಿ ಸಾಕು. ರಂಗೂನ್ ಬಳ್ಳಿಗೆ ಕಬ್ಬಿಣವೇ ಆಗಬೇಕು.

ತಮ್ಮ ರಂಗೂನ್ ಬಳ್ಳಿಯನ್ನು ಫೆಬ್ರವರಿಯಲ್ಲಿ ಚಪ್ಪರದ ಮಟ್ಟಕ್ಕೆ ಧಾರಾಳವಾಗಿ ಕತ್ತರಿಸಿ, ಅನಂತರ ಮಾಲಿಯನ್ನು ಅದರ ಹತ್ತಿರ ಬಿಡಬೇಡಿ. ಹೂಗೊಂಚಲು ಚಾಚಿದ ಕುಡಿಗಳ ತುದಿಯಲ್ಲಿ ಬರುತ್ತದೆ, ಅವರು ಇಷ್ಟು ದಿನ ಒಯ್ದದ್ದು ಅದನ್ನೇ. ಬಿಸಿಲು ಹನ್ನೊಂದರಿಂದ ಸಂಜೆಯವರೆಗೆ ಇದ್ದರೆ ಅದಕ್ಕೆ ಸಾಕಾಗುತ್ತದೆ. ಮಲ್ಲಿಗೆಗೆ ಮಾತ್ರ, ಪಕ್ಕದ ಮನೆಯವರು ಒಪ್ಪಿದರೆ ಮಾವಿನ ಒಂದು ಕೊಂಬೆ ತೆಗೆಸುವುದು ಒಳ್ಳೆಯದು.


ಸೂರಕ್ಕಿ, ಮಡಿಕೇರಿ
ನವೆಂಬರ್ 13

ಹೊರದೇಶದಿಂದ ಬಂದ ಬಳ್ಳಿಗಳ ಮಾತೇ ಹೆಚ್ಚಾಯಿತು, ಆದ್ದರಿಂದ ಮೈಸೂರಿನ ಹೆಸರನ್ನೇ ಹೊತ್ತಿರುವ ಒಂದನ್ನು ನೆನಪಿಸುತ್ತೇನೆ: ತುನ್‌ಬರ್ಜಿಯಾ ಮೈಸೂರೆನ್ಸಿಸ್. ಪಶ್ಚಿಮ ಘಟ್ಟದ ಕಾಡುಗಳ ನಮ್ಮದೇ ಬಳ್ಳಿ. ಹಳದಿ ಮತ್ತು ಕಂದುಗೆಂಪು ಬಣ್ಣದ ಹೂಗಳು ಎರಡು ಮೂರು ಅಡಿ ಉದ್ದದ ಮಾಲೆಗಳಾಗಿ ಕೆಳಕ್ಕೆ ಇಳಿಬೀಳುತ್ತವೆ. ಇಂಗ್ಲೆಂಡಿನವರು ಇದನ್ನು ಗಾಜಿನ ಮನೆಯಲ್ಲಿ ಕಾಪಾಡಿಕೊಳ್ಳುತ್ತಾರೆ, ನಮ್ಮಲ್ಲಿ ಬಹಳಷ್ಟು ನರ್ಸರಿಗಳಿಗೆ ಇದು ಗೊತ್ತೇ ಇಲ್ಲ. ಹೂವಿನಲ್ಲಿ ಮಕರಂದ ಎಷ್ಟಿರುತ್ತದೆಂದರೆ ಸೂರಕ್ಕಿಗಳು ಬೆಳಗಿನಿಂದ ಅಲ್ಲಿಂದ ಕದಲುವುದಿಲ್ಲ.

ಇದಕ್ಕೆ ಗೋಡೆ ಪ್ರಯೋಜನವಿಲ್ಲ, ಮಾಲೆಗಳು ತೂಗಲು ಕೆಳಗೆ ಖಾಲಿ ಜಾಗ ಬೇಕು. ಚಪ್ಪರ ಕಡಿಮೆಯೆಂದರೆ ಒಂಬತ್ತು ಹತ್ತು ಅಡಿ ಎತ್ತರವಿರಲಿ, ಎಂಟು ಅಡಿಯಾದರೆ ಒಳಗೆ ಬರುವ ನೆಂಟರ ತಲೆಗೆ ಹೂ ಬಡಿಯುತ್ತದೆ (ನಮ್ಮ ಮನೆಯಲ್ಲಿ ಯಾರೂ ದೂರಿಲ್ಲ, ಅದು ಬೇರೆ ಮಾತು). ತಂಪು, ತೇವ, ಎಲೆಗೊಬ್ಬರ ಇದಕ್ಕೆ ಇಷ್ಟ. ಇದನ್ನು ಉಪವಾಸ ಕೆಡವಿದರೆ ಮೊಗ್ಗು ಉದುರಿಸುತ್ತದೆ. ಸಕಲೇಶಪುರದ ಕಡೆ ಸುಲಭವಾಗಿ ಬಂದೀತು, ಹಾಸನದಲ್ಲಿ ಬೇಸಿಗೆಯ ಮಧ್ಯಾಹ್ನದ ಬಿಸಿಲಿಗೆ ಮರೆ ಇರುವಲ್ಲಿ ನೆಡಬೇಕು. ತಮ್ಮ ಮಾವಿನ ನೆರಳಿಗೆ ಇದೊಂದು ಉಪಯೋಗ.


ಮೂರನೇ ಮಹಡಿ, ಬೆಂಗಳೂರು
ನವೆಂಬರ್ 13

ನಮ್ಮ ನೆಲದ್ದೇ ಎಂದರೆ ಗೌರಿ ಹೂವನ್ನೂ ಸೇರಿಸಬಹುದಲ್ಲವೇ? ಊರಿನ ಬೇಲಿಯಲ್ಲಿ ಗೌರಿ ಹಬ್ಬದ ಹೊತ್ತಿಗೆ ಕೆಂಪು, ಹಳದಿ ಜ್ವಾಲೆಯಂತೆ ಅರಳುತ್ತಿದ್ದುದನ್ನು ಕುಂಡದಲ್ಲಿ ಬೆಳೆಸಬೇಕೆಂಬ ಆಸೆ ಇದೆ.


ಮಲೆನಾಡ ಹಿತ್ತಿಲು, ಶಿರಸಿ
ನವೆಂಬರ್ 13

ಬೆಳೆಸಬಹುದು, ಮನೆಯಲ್ಲಿ ಚಿಕ್ಕ ಮಕ್ಕಳು, ನಾಯಿ ಇಲ್ಲದಿದ್ದರೆ ಮಾತ್ರ. ಗೌರಿ ಹೂವಿನ ಗಿಡವೆಲ್ಲ ವಿಷ, ಅದರಲ್ಲೂ ಗೆಣಸಿನಂತೆ ಕಾಣುವ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷ ಪ್ರಾಣ ತೆಗೆಯುವಷ್ಟಿರುತ್ತದೆ. ಗಡ್ಡೆ ಮುಟ್ಟಿದ ಮೇಲೆ ಕೈ ತೊಳೆಯಬೇಕು, ಎತ್ತಿಟ್ಟ ಗಡ್ಡೆಯನ್ನು ಅಡುಗೆಮನೆಯ ಹತ್ತಿರವೂ ತರಬಾರದು.

ಮುಂಗಾರಿಗೆ ಮುನ್ನ, ಮೇ ಕೊನೆಯಲ್ಲಿ, ಗಡ್ಡೆಯನ್ನು ಎರಡು ಮೂರು ಇಂಚು ಆಳದಲ್ಲಿ ಅಡ್ಡ ಮಲಗಿಸಿ ನೆಡಬೇಕು. ಮೊಳಕೆ ಬರುವುದು ಗಡ್ಡೆಯ ತುದಿಯಿಂದ, ಆ ತುದಿ ಮುರಿದರೆ ಗಡ್ಡೆ ವ್ಯರ್ಥ. ಇದಕ್ಕೆ ಬೇರೆ ಬಳ್ಳಿಗಳಂತೆ ಸುತ್ತುವ ಕಾಂಡವಿಲ್ಲ, ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ, ಹಾಗಾಗಿ ದಪ್ಪ ಗೂಟ ಕೊಡದೆ ತೆಳು ಕಡ್ಡಿ, ಬಲೆ ಕೊಡಿ. ಚಳಿಗಾಲದಲ್ಲಿ ಮೇಲಿನದೆಲ್ಲ ಒಣಗಿ ಹೋಗುತ್ತದೆ. ಸತ್ತಿತೆಂದು ಮಣ್ಣು ಚೆಲ್ಲಬೇಡಿ, ನೀರನ್ನೂ ಹಾಕಬೇಡಿ. ಬೇಸಿಗೆಯುದ್ದಕ್ಕೂ ಅದು ಮಣ್ಣೊಳಗೆ ನಿದ್ರಿಸಬೇಕು.

ಅಂದ ಹಾಗೆ ಅಲಮಂಡದ ಹಾಲೂ ಚರ್ಮಕ್ಕೆ, ಕಣ್ಣಿಗೆ ಒಳ್ಳೆಯದಲ್ಲ. ಹಾಸನದವರು ಅದನ್ನು ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಲಿ.


ನಿವೃತ್ತ ಮೇಷ್ಟ್ರು, ಧಾರವಾಡ
ನವೆಂಬರ್ 14

ಹೊಸದಾಗಿ ನೆಡುವವರಿಗೆ ಒಂದು ಮಾತು ಉಳಿದಿತ್ತು. ಬಳ್ಳಿಯನ್ನು ಗೋಡೆಗೆ ಅಥವಾ ಕಂಬಕ್ಕೆ ಅಂಟಿಸಿ ನೆಡುವುದು ಎಲ್ಲರೂ ಮಾಡುವ ತಪ್ಪು. ಗೋಡೆಯ ಬುಡದಲ್ಲಿ ಮಳೆ ಬೀಳುವುದಿಲ್ಲ, ಸಿಮೆಂಟು, ಸುಣ್ಣದ ತುಣುಕುಗಳಿಂದ ಮಣ್ಣು ಕ್ಷಾರವಾಗಿ ಎಳೆ ಎಲೆಗಳು ನರ ಮಾತ್ರ ಹಸುರಾಗಿ ಉಳಿದು ಹಳದಿಯಾಗುತ್ತವೆ. ಗೋಡೆಯಿಂದ ಒಂದೂವರೆ ಅಡಿ ಈಚೆಗೆ, ಉದ್ದ, ಅಗಲ, ಆಳ ಒಂದೂವರೆ ಅಡಿಯ ಗುಂಡಿ ತೆಗೆದು, ಕಟ್ಟಡದ ಕಸವನ್ನೆಲ್ಲ ಆರಿಸಿ, ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಗಿಡವನ್ನು ಆಸರೆಯ ಕಡೆಗೆ ವಾಲಿಸಿ ನೆಡಿ. ಕಟ್ಟುವಾಗ ತಂತಿ ಬೇಡ, ಬಾಳೆನಾರು ಅಥವಾ ಹಳೆಯ ಬಟ್ಟೆಯ ಪಟ್ಟಿಯಿಂದ ಎಂಟರ ಅಂಕಿಯಂತೆ ಸಡಿಲವಾಗಿ ಕಟ್ಟಿದರೆ ಕಾಂಡ ದಪ್ಪವಾದಾಗ ಕೊರೆಯುವುದಿಲ್ಲ.


ಚಪ್ಪರದ ಮನೆ, ಹಾಸನ
ಮೇ 21

ಆರು ತಿಂಗಳ ನಂತರ ವರದಿ ಒಪ್ಪಿಸಲು ಬಂದಿದ್ದೇನೆ. ನವೆಂಬರ್ ಕೊನೆಯಲ್ಲಿ ಚಪ್ಪರದ ಹಾಸಿಗೆಯನ್ನು ಬಿಡಿಸಲು ನನಗೂ ಮಗಳಿಗೂ ಎರಡು ಭಾನುವಾರ ಹಿಡಿಯಿತು. ನಾಲ್ಕು ಗೋಣಿಚೀಲ ಒಣಕಡ್ಡಿ ಹೊರಗೆ ಹೋಯಿತು. ಕಾಗದದ ಹೂ ಜನವರಿ ಮಧ್ಯದಲ್ಲಿ ಎಲೆಯನ್ನೆಲ್ಲ ಉದುರಿಸಿದಾಗ ಮನೆಯವರು ನನ್ನನ್ನೂ ಮೇಷ್ಟ್ರನ್ನೂ ಒಟ್ಟಿಗೆ ಬೈದರು. ಫೆಬ್ರವರಿಯಲ್ಲಿ ಅಡ್ಡ ಮಲಗಿಸಿದ ಕುಡಿಗಳ ಗೆಣ್ಣುಗಳೆಲ್ಲ ನೇರಳೆಯಾದವು, ಈಗ ಎದುರುಮನೆಯವರು ನಮ್ಮ ಕಡೆ ನೋಡುತ್ತಾರೆ.

ಮಲ್ಲಿಗೆ ಮಾರ್ಚ್ ಕೊನೆಯಲ್ಲಿ ಶುರುವಾಗಿ ಏಪ್ರಿಲ್ ಪೂರ್ತಿ ಬಿಟ್ಟಿತು. ಹೆಚ್ಚೆಂದರೆ ದಿನಕ್ಕೆ 140 ಮೊಗ್ಗು, ಶಂಕರಪುರದ ಲೆಕ್ಕದಲ್ಲಿ ಚೆಂಡಿನ ಕಾಲು ಭಾಗವೂ ಆಗಲಿಲ್ಲ, ಆದರೂ ನಮಗೆ ಅದೇ ಸಂಭ್ರಮ. ಮಧ್ಯದಲ್ಲಿ ಒಂದು ವಾರ ನೇರಳೆ ಮೊಗ್ಗು ಉದುರತೊಡಗಿತು, ಆರಿಸಿ ಸುಟ್ಟು ಬುಡ ಕೆದಕಿದ ಮೇಲೆ ಕಡಿಮೆಯಾಯಿತು. ಮಾವಿನ ಕೊಂಬೆಯನ್ನು ತೆಗೆಯಲು ಪಕ್ಕದ ಮನೆಯವರು ಒಪ್ಪಲಿಲ್ಲ, ಕಾಯಿ ಬಿಟ್ಟಿದೆಯಂತೆ. ಆ ನೆರಳಿನಲ್ಲಿ ಮಡಿಕೇರಿಯವರು ಹೇಳಿದ ಬಳ್ಳಿಗೆ ಗುಂಡಿ ತೋಡಿಟ್ಟಿದ್ದೇನೆ, ಗಿಡ ಇನ್ನೂ ಸಿಕ್ಕಿಲ್ಲ.

ರಂಗೂನ್ ಬಳ್ಳಿಯಲ್ಲಿ ಮೊನ್ನೆ ಸಂಜೆ ಮೊದಲ ಗೊಂಚಲು ಅರಳಿತು. ಹೂ ಹನ್ನೊಂದು. ಈಗ ಸಮಸ್ಯೆ ಅಕ್ಕನವರು ಮೊದಲೇ ಬೈದದ್ದೇ: ಬುಡದ ಸುತ್ತ ಆರು ಮರಿ ಬಳ್ಳಿಗಳು ಎದ್ದಿವೆ, ಒಂದು ಪಕ್ಕದ ಮನೆಯ ಮಾವಿನ ಕಡೆಗೆ ಹೊರಟಿದೆ. ಇವನ್ನು ಕಿತ್ತು ಬೇರೆಡೆ ನೆಟ್ಟರೆ ಬದುಕುತ್ತವೆಯೇ?


ಮಲೆನಾಡ ಹಿತ್ತಿಲು, ಶಿರಸಿ
ಮೇ 21

ಬದುಕುತ್ತವೆ, ಕಡ್ಡಿ ನೆಡುವುದಕ್ಕಿಂತ ಇದೇ ಸುಲಭ. ಕೀಳಬೇಡಿ, ಸನಿಕೆಯಿಂದ ಸುತ್ತ ಅಗೆದು, ತಾಯಿ ಬೇರಿನಿಂದ ಕತ್ತರಿಸಿ, ಒಂದು ಹಿಡಿ ಬೇರು ಮತ್ತು ಮಣ್ಣಿನೊಂದಿಗೆ ಎತ್ತಿ. ಕುಡಿಯನ್ನು ಒಂದಡಿಗೆ ಮೊಟಕುಗೊಳಿಸಿ ನೆರಳಿನಲ್ಲಿ ಹದಿನೈದು ದಿನ ಇಡಿ. ಮೊದಲ ಮಳೆ ಬಿದ್ದ ಮೇಲೆ ಮಾಡಿದರೆ ಒಂದೂ ಸಾಯುವುದಿಲ್ಲ. ಮಾವಿನ ಕಡೆಗೆ ಹೊರಟದ್ದನ್ನು ಮಾತ್ರ ಮಳೆಗೆ ಕಾಯದೆ ಇವತ್ತೇ ತೆಗೆಯಿರಿ.


ಮೂರನೇ ಮಹಡಿ, ಬೆಂಗಳೂರು
ಮೇ 22

ಅವುಗಳಲ್ಲಿ ಎರಡನ್ನು ನನಗಾಗಿ ಇಟ್ಟಿರಿ. ಜೂನ್ ಎರಡನೇ ವಾರ ಹಾಸನದ ಮೇಲೆ ಹಾದು ಊರಿಗೆ ಹೋಗುವವನಿದ್ದೇನೆ, ಕುಂಡ ನಾನೇ ತರುತ್ತೇನೆ.